ಆಸ್ಪತ್ರೆಯ ಅಂಗಳಕ್ಕೆ ಗಲಭೆ ಬಂದಾಗ



ಹರತಾಳ ಎಂದರೇನೆಂದು ಕಾಸರಗೋಡಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಯಾವ ಪಕ್ಷ ಕರೆ ಕೊಟ್ಟರೂ ಘೋಷಣೆಯ ಕೊನೆಗೆ ಒಂದು ಮಾತು ಸೇರಿಸುವುದು ವಾಡಿಕೆ: ಪಾಲ್, ಪತ್ರಂ, ಆಶುಪತ್ರಿ, ಈ ಮೂರಕ್ಕೆ ವಿನಾಯಿತಿ. ಕೆಲವೊಮ್ಮೆ ಮದುವೆ ದಿಬ್ಬಣವನ್ನೂ ಶಬರಿಮಲೆ ಯಾತ್ರಿಕರನ್ನೂ ಸೇರಿಸುತ್ತಾರೆ. ಹಾಲು ಕೆಟ್ಟುಹೋಗುತ್ತದೆ, ಪತ್ರಿಕೆ ಮರುದಿನಕ್ಕೆ ಹಳತಾಗುತ್ತದೆ, ಸರಿ. ಆದರೆ ಆಸ್ಪತ್ರೆಯನ್ನು ಬಿಟ್ಟುಕೊಡುವುದರ ಹಿಂದೆ ಇನ್ನೊಂದು ಲೆಕ್ಕವೂ ಇದೆ. ಹರತಾಳ ನಡೆಸುವವನ ತಲೆಗೇ ಕಲ್ಲು ಬಿದ್ದರೆ ಹೊಲಿಗೆ ಹಾಕಿಸಲು ಅವನೂ ಅಲ್ಲಿಗೇ ಹೋಗಬೇಕು. ಲಾಠಿ ಹಿಡಿದ ಪೋಲೀಸಿನವನಿಗೆ ಪೆಟ್ಟಾದರೂ ಅದೇ ಓ.ಪಿ. ಚೀಟಿ, ಅದೇ ಮಂಚ, ಅದೇ ದಾದಿ.

ಈ ಏರ್ಪಾಡು ಎಷ್ಟು ಗಟ್ಟಿ? ಊರಿನ ಗಲಾಟೆ ದೇಶದ ಗಲಾಟೆಯಾಗಿ ಬೆಳೆದಾಗ ಆಸ್ಪತ್ರೆ ಹೊರಗೆ ಉಳಿಯಬಲ್ಲದೇ? ಇಂದು ನಾನು ತಮ್ಮ ಮುಂದೆ ಇಡುವುದು 2011ರಲ್ಲಿ ಬಹ್ರೈನ್ ದೇಶದಲ್ಲಿ ನಡೆದ ಸಂಗತಿ. ಅಲ್ಲಿ ಆಸ್ಪತ್ರೆಯೇ ಗಲಭೆಯ ನಡುಮನೆಯಾಯಿತು. ಶಸ್ತ್ರಚಿಕಿತ್ಸೆಯ ಕೋಣೆಯಿಂದ ವೈದ್ಯರನ್ನು ಹಿಡಿದೊಯ್ದರು.

ಬಹ್ರೈನ್ ನಮಗೆ ದೂರದ ಊರಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡೆಯ ಎಷ್ಟೋ ಮನೆಗಳ ಮಾಡಿಗೆ ಹಂಚು ಹೋಗಿ ಕಾಂಕ್ರೀಟು ಬಂದದ್ದು ಗಲ್ಫಿನ ದುಡ್ಡಿನಿಂದ. ಬ್ಯಾಂಕಿನ ಕೌಂಟರಿನಲ್ಲಿ ಕೂತವನಾದ್ದರಿಂದ ಇದು ನನಗೆ ಡ್ರಾಫ್ಟುಗಳ ಮೂಲಕವೇ ಗೊತ್ತು. ಗಲ್ಫಿನ ಹಣದಲ್ಲಿ ಕುವೈಟಿನ ದೀನಾರನ್ನು ಬಿಟ್ಟರೆ ಹೆಚ್ಚು ಬೆಲೆಯದ್ದು ಬಹ್ರೈನಿನ ದೀನಾರು. ಅಲ್ಲಿ ಕನ್ನಡ ಸಂಘವೂ ಇದೆ. ಅಲ್ಲಿನ ಆಸ್ಪತ್ರೆಗಳಲ್ಲಿ ದುಡಿಯುವ ದಾದಿಯರಲ್ಲಿ ಕೇರಳದವರು ಬಹಳ ಮಂದಿ. ದೇಶ ಚಿಕ್ಕದು, ದ್ವೀಪಗಳ ಗುಂಪು. ಎಣ್ಣೆ ಸಿಗುವ ಮೊದಲು ಸಮುದ್ರಕ್ಕೆ ಮುಳುಗಿ ಮುತ್ತು ತೆಗೆಯುವುದೇ ಅಲ್ಲಿನವರ ಮುಖ್ಯ ಕಸುಬಾಗಿತ್ತು. ಪಕ್ಕದ ಸೌದಿ ಅರೇಬಿಯಾಕ್ಕೆ ಸಮುದ್ರದ ಮೇಲೆ 25 ಕಿಲೋಮೀಟರಿನ ಸೇತುವೆ ಇದೆ, 1986ರಲ್ಲಿ ತೆರೆದದ್ದು. ಈ ಸೇತುವೆಯನ್ನು ನೆನಪಿಡಿ, ಮುಂದೆ ಬರುತ್ತದೆ.

ಅಲ್ಲಿ ಆಳುವುದು ರಾಜಮನೆತನ, ಸುನ್ನಿ ಪಂಗಡದವರು. ಪ್ರಜೆಗಳಲ್ಲಿ ಹೆಚ್ಚಿನವರು ಶಿಯಾಗಳು. ಕೆಲಸ, ಮನೆ, ಅಧಿಕಾರದಲ್ಲಿ ಪಾಲು ಎಂದು ಹಳೆಯ ದೂರುಗಳಿದ್ದವು. 2011ರ ಆರಂಭದಲ್ಲಿ ಟ್ಯುನೀಷಿಯ, ಈಜಿಪ್ಟುಗಳಲ್ಲಿ ಜನ ಬೀದಿಗಿಳಿದು ಆಳುವವರನ್ನು ಇಳಿಸಿದಾಗ ಆ ಗಾಳಿ ಇಲ್ಲಿಗೂ ಬೀಸಿತು. ಫೆಬ್ರವರಿ 14ರಂದು ಪ್ರತಿಭಟನೆ ಶುರುವಾಯಿತು. ರಾಜಧಾನಿ ಮನಾಮಾದಲ್ಲಿ ಒಂದು ದೊಡ್ಡ ವೃತ್ತ. ಹಾಯಿಹಡಗಿನ ಆರು ಹಾಯಿಗಳು ಸೇರಿ ಒಂದು ಮುತ್ತನ್ನು ಎತ್ತಿಹಿಡಿದಂಥ ಸ್ಮಾರಕ ಅದರ ನಡುವೆ. ಮುತ್ತಿನ ವೃತ್ತ ಎಂದೇ ಹೆಸರು. ಜನ ಅಲ್ಲಿ ಡೇರೆ ಹಾಕಿ ಕೂತರು. ಫೆಬ್ರವರಿ 17ರಂದು ಬೆಳಗಾಗುವ ಮೊದಲೇ, ಡೇರೆಗಳಲ್ಲಿ ಮಲಗಿದ್ದವರ ಮೇಲೆ ಪೋಲೀಸರು ಬಿದ್ದರು. ನಾಲ್ವರು ಸತ್ತರು. ಗಾಯಗೊಂಡವರ ಸಂಖ್ಯೆ ನೂರಾರು.

ಗಾಯಾಳುಗಳೆಲ್ಲ ಬಂದದ್ದು ಸಲ್ಮಾನಿಯಾ ಆಸ್ಪತ್ರೆಗೆ. ನಮ್ಮಲ್ಲಿ ಜಿಲ್ಲೆಗೊಂದು ಸರಕಾರಿ ಆಸ್ಪತ್ರೆ, ಅದು ಬಿಟ್ಟರೆ ಮಂಗಳೂರು ಎಂಬ ದಾರಿಯಾದರೂ ಇದೆ. ಅಲ್ಲಿ ಆಗ ಸಾಮಾನ್ಯ ಜನಕ್ಕೆ ದೊಡ್ಡ ಸರಕಾರಿ ಆಸ್ಪತ್ರೆ ಎಂದರೆ ಇದೊಂದೇ ಆಗಿತ್ತು. ಸೈನ್ಯದ ಆಸ್ಪತ್ರೆ ಇತ್ತು, ಆದರೆ ಸರಕಾರದ ವಿರುದ್ಧ ಕೂಗಿ ಪೆಟ್ಟು ತಿಂದವನು ಅಲ್ಲಿಗೆ ಹೋಗುತ್ತಾನೆಯೇ?

ಆ ಬೆಳಗ್ಗೆ ಮೊದಲು ಕೆಟ್ಟದ್ದು ಆಂಬುಲೆನ್ಸಿನ ದಾರಿ. ವೃತ್ತದ ಕಡೆಗೆ ಹೊರಟ ವಾಹನಗಳನ್ನು ತಡೆದರು; ಗಾಯಾಳುಗಳನ್ನು ಎತ್ತಲು ಹೋದ ಸಿಬ್ಬಂದಿಗೂ ಪೆಟ್ಟುಗಳು ಬಿದ್ದವು. ತಡೆದ ಆಂಬುಲೆನ್ಸ್ ಎಂದರೇನೆಂದು ನಮಗೆ ಗೊತ್ತು. 2020ರ ಮಾರ್ಚಿನಲ್ಲಿ, ಕೊರೋನಾ ಕಾಲದಲ್ಲಿ, ತಲಪಾಡಿಯ ಗಡಿ ಮುಚ್ಚಿ ಒಳರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರಿಗೆ ಹೋಗಲಾಗದೆ ನಮ್ಮವರು ಪ್ರಾಣ ಬಿಟ್ಟದ್ದನ್ನು ತಾವು ಮರೆತಿರಲಾರಿರಿ. ಏಪ್ರಿಲ್ 1ರಂದು ಕೇರಳ ಹೈಕೋರ್ಟು ರೋಗಿಗಳಿಗೆ ದಾರಿ ಬಿಡಬೇಕೆಂದು ಹೇಳಿ, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಲ್ಲಿ ಅಡ್ಡ ಬಂದದ್ದು ರೋಗದ ಭಯ, ಮನಾಮಾದಲ್ಲಿ ಅಡ್ಡ ಬಂದದ್ದು ಲಾಠಿ. ವಾಹನದೊಳಗೆ ಮಲಗಿದವನಿಗೆ ಎರಡೂ ಒಂದೇ.

ಈಗ ನಿಜವಾಗಿ ಕಷ್ಟದ ಪ್ರಶ್ನೆ ಬರುತ್ತದೆ. ಆಂಬುಲೆನ್ಸುಗಳನ್ನು ಬಿಡಲಿಲ್ಲವೆಂದು ಸಿಟ್ಟಾದ ವೈದ್ಯರು, ದಾದಿಯರು ಆಸ್ಪತ್ರೆಯ ಅಂಗಳಕ್ಕೇ ಇಳಿದು ಪ್ರತಿಭಟಿಸಿದರು, ಆರೋಗ್ಯ ಮಂತ್ರಿ ರಾಜೀನಾಮೆ ಕೊಡಲಿ ಎಂದರು. ಸತ್ತವರ ಶವಗಳು ಅದೇ ಆಸ್ಪತ್ರೆಯ ಶವಾಗಾರದಲ್ಲಿದ್ದವು; ಬಂಧುಗಳು ಬಂದರು, ಬಂಧುಗಳ ಹಿಂದೆ ಜನ ಬಂದರು, ಜನರ ಹಿಂದೆ ಟಿ.ವಿ.ಯವರು. ವಾಹನ ನಿಲ್ಲಿಸುವ ಜಾಗದಲ್ಲಿ ಡೇರೆಗಳು ಎದ್ದವು. ಭಾಷಣಗಳು ನಡೆದವು. ಎರಡು ದಿನ ಕಳೆದು ಸೈನ್ಯ ಹಿಂದೆ ಸರಿದ ಮೇಲೆ ಜನ ಮತ್ತೆ ಮುತ್ತಿನ ವೃತ್ತಕ್ಕೆ ಹೋದರು, ಆದರೆ ಆಸ್ಪತ್ರೆಯ ಅಂಗಳವೂ ಖಾಲಿಯಾಗಲಿಲ್ಲ. ಹೀಗೆ ಸುಮಾರು ಒಂದು ತಿಂಗಳು. ಒಳಗೆ ಹೊಲಿಗೆ ಹಾಕಿ ಹೊರಗೆ ಬಂದ ವೈದ್ಯ ಅದೇ ರಕ್ತದ ಅಂಗಿಯಲ್ಲಿ ಮೈಕಿನ ಮುಂದೆ ನಿಂತು ಸರಕಾರ ಕೊಲೆಗಾರ ಎಂದರೆ, ಅವನ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಆ ಗೇಟಿನಿಂದ ಒಳಗೆ ಬರಬೇಕಾದ, ಸರಕಾರದ ಕಡೆಯ ಮನೆಯ ಬಸುರಿ ಹೆಂಗಸಿಗೆ ಏನನ್ನಿಸಿತು ಎಂಬುದನ್ನೂ ನೋಡಬೇಕಲ್ಲ? ಅವಳಿಗೆ ಅದು ಎದುರು ಪಕ್ಷದ ಚಪ್ಪರವಾಗಿ ಕಾಣುತ್ತದೆ.

ಮಾರ್ಚ್ ಮಧ್ಯದ ಹೊತ್ತಿಗೆ ಊರು ಪೂರ್ತಿ ಕೆಟ್ಟಿತು. ದಾಳಿಗಳು ಒಂದೇ ಕಡೆಯಿಂದ ಆಗಲಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಕಡೆಯ, ಅಂದರೆ ಭಾರತ, ಪಾಕಿಸ್ತಾನ, ಬಾಂಗ್ಲಾದ ಬಡ ಕೆಲಸಗಾರರ ಮೇಲೆ ಗುಂಪುಗಳು ಎರಗಿದವು; ಹೊರದೇಶದ ಕೆಲಸಗಾರರೂ ಸತ್ತರು. ಪೋಲೀಸರೂ ಸತ್ತರು. ಮಾರ್ಚ್ 14ರಂದು ನಾನು ಹೇಳಿದ ಆ ಸೇತುವೆಯ ಮೇಲಿಂದ ಸೌದಿಯ ಸೈನಿಕರು ಬಂದರು. 15ರಂದು ರಾಜರು ತುರ್ತು ಪರಿಸ್ಥಿತಿ ಸಾರಿದರು. 16ರಂದು ವೃತ್ತವನ್ನು ಖಾಲಿ ಮಾಡಿಸಿ, ಅದೇ ದಿನ ಸಲ್ಮಾನಿಯಾ ಆಸ್ಪತ್ರೆಯನ್ನೂ ಸಶಸ್ತ್ರ ಪಡೆಗಳು ವಶಕ್ಕೆ ತೆಗೆದುಕೊಂಡವು. ಎರಡು ದಿನ ಕಳೆದು ಮುತ್ತಿನ ಸ್ಮಾರಕವನ್ನೇ ಕೆಡವಿದರು. ಕೆಡವುವಾಗ ಕ್ರೇನ್ ನಡೆಸುತ್ತಿದ್ದ ಒಬ್ಬ ಪರದೇಶಿ ಕೆಲಸಗಾರ ಅದರ ಕೆಳಗೆ ಸಿಕ್ಕಿ ಸತ್ತ.

ಮಕ್ಕಳ ಮೂಳೆ ಶಸ್ತ್ರವೈದ್ಯ ಡಾ. ಅಲಿ ಅಲ್-ಎಕ್ರಿ ಅವರನ್ನು ಮಾರ್ಚ್ 17ರಂದು ಶಸ್ತ್ರಚಿಕಿತ್ಸೆಯ ಕೋಣೆಯಿಂದಲೇ ಹಿಡಿದೊಯ್ದರು. ಒಬ್ಬರಾದ ಮೇಲೆ ಒಬ್ಬರಂತೆ ವೈದ್ಯರು, ದಾದಿಯರು, ಆಂಬುಲೆನ್ಸಿನವರು ಬಂಧನಕ್ಕೊಳಗಾದರು. ಬಾಗಿಲಿನಲ್ಲಿ ಮುಸುಕು ಹಾಕಿದ ಪಹರೆಯವರು. ಒಳಗೆ ಬರುವವನ ಗುರುತು ಚೀಟಿ ನೋಡಬೇಕು, ಗಾಯ ನೋಡಬೇಕು. ಪೆಲೆಟ್ ಗುಂಡಿನ ಚುಕ್ಕೆ ಮೈಮೇಲೆ ಇದ್ದರೆ ಅದೇ ಸಾಕ್ಷಿ, ಇವನು ವೃತ್ತದಲ್ಲಿದ್ದವನು ಎಂದು.

ಕೇಳುಗರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಗಾಯವೇ ಸಾಕ್ಷಿಯಾದರೆ ಗಾಯಗೊಂಡವನು ಏನು ಮಾಡುತ್ತಾನೆ? ಮನೆಯಲ್ಲಿ ಮಲಗುತ್ತಾನೆ. ಗಡಿಯಿಲ್ಲದ ವೈದ್ಯರು ಎಂದು ಕರೆಸಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆಯವರು ಆಗ ಅಲ್ಲಿದ್ದರು. ಅವರು 2011ರ ಏಪ್ರಿಲಿನಲ್ಲಿ ಪ್ರಕಟಿಸಿದ ವರದಿಯ ತಿರುಳು ಇದೇ: ಗಾಯಾಳುಗಳು ಆಸ್ಪತ್ರೆಗೆ ಬರಲು ಹೆದರುತ್ತಿದ್ದಾರೆ. ಮೂಳೆ ಮುರಿದವರು, ಗುಂಡಿನ ಚೂರು ಒಳಗೇ ಉಳಿದವರು ಹಳ್ಳಿಯ ಮನೆಗಳಲ್ಲಿ ಚಿಕಿತ್ಸೆಯಿಲ್ಲದೆ ಮಲಗಿದ್ದಾರೆ. ಆ ಜುಲೈಯಲ್ಲಿ ಅದೇ ಸಂಸ್ಥೆಯ ಕಚೇರಿಯ ಮೇಲೂ ದಾಳಿ ನಡೆದು, ಆಗಸ್ಟಿನಲ್ಲಿ ಅವರು ಕೆಲಸ ನಿಲ್ಲಿಸಿದರು. ಕೈ ಮುರಿದದ್ದು ಮೂರು ವಾರ ಹಾಗೇ ಬಿಟ್ಟರೆ ಸೊಟ್ಟಗೆ ಕೂಡಿಕೊಳ್ಳುತ್ತದೆ, ಮತ್ತೆ ಮುರಿದೇ ಸರಿಮಾಡಬೇಕು. ಹುಣ್ಣು ಕೊಳೆತರೆ ಬೆರಳು ಹೋಗುತ್ತದೆ, ಕಾಲೂ ಹೋಗುತ್ತದೆ. ಗಲಭೆಯಲ್ಲಿ ಸತ್ತವರ ಪಟ್ಟಿಯಲ್ಲಿ ಈ ಲೆಕ್ಕ ಬರುವುದಿಲ್ಲ.

ಮೊಕದ್ದಮೆಯ ವಿಷಯ. ಒಟ್ಟು 48 ಮಂದಿ ವೈದ್ಯಕೀಯ ಸಿಬ್ಬಂದಿಯ ಮೇಲೆ ಆರೋಪ ಹೊರಿಸಿದರು. 20 ಮಂದಿಯ ಮೇಲೆ ದೊಡ್ಡ ಅಪರಾಧ, 28 ಮಂದಿಯ ಮೇಲೆ ಸಣ್ಣದು. ಆಸ್ಪತ್ರೆಯನ್ನು ಆಕ್ರಮಿಸಿಕೊಂಡದ್ದು, ಆಯುಧ ಇಟ್ಟುಕೊಂಡದ್ದು, ಸುಳ್ಳು ಸುದ್ದಿ ಹರಡಿದ್ದು ಇತ್ಯಾದಿ. ಸೈನಿಕ ಸ್ವರೂಪದ ವಿಶೇಷ ನ್ಯಾಯಾಲಯ 2011ರ ಸೆಪ್ಟೆಂಬರ್ 29ರಂದು ತೀರ್ಪು ಹೇಳಿತು: 13 ಮಂದಿಗೆ 15 ವರ್ಷ, ಇಬ್ಬರಿಗೆ 10 ವರ್ಷ, ಐವರಿಗೆ 5 ವರ್ಷ. ದಾದಿಯರ ಸಂಘದ ಅಧ್ಯಕ್ಷೆ ರುಲಾ ಅಲ್-ಸಫಾರ್ ಅವರಿಗೂ 15 ವರ್ಷ. ಪ್ರಪಂಚದಾದ್ಯಂತ ಕೂಗೆದ್ದ ಮೇಲೆ ಸಾಮಾನ್ಯ ನ್ಯಾಯಾಲಯದಲ್ಲಿ ಮರುವಿಚಾರಣೆಯಾಯಿತು. 2012ರ ಜೂನ್ 14ರಂದು ಒಂಬತ್ತು ಮಂದಿ ಪೂರ್ತಿ ಬಿಡುಗಡೆ, ರುಲಾ ಅವರೂ ಅದರಲ್ಲಿದ್ದರು. ಇನ್ನು ಒಂಬತ್ತು ಮಂದಿಗೆ ಒಂದು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ ಇಳಿಯಿತು. ಉಳಿದ ಇಬ್ಬರು ಕೈಗೆ ಸಿಕ್ಕಿರಲಿಲ್ಲ. ಒಂಬತ್ತು ತಿಂಗಳ ಹಿಂದೆ 15 ವರ್ಷದಷ್ಟು ತೂಗಿದ ಅಪರಾಧ ಈಗ ತಕ್ಕಡಿಯಲ್ಲಿ ಏನೂ ತೂಗಲಿಲ್ಲ. ಲೆಡ್ಜರಿನಲ್ಲಿ ಹೀಗೆ ವ್ಯತ್ಯಾಸ ಬಂದರೆ ಮೊದಲ ನಮೂದೇ ತಪ್ಪು ಎಂದು ಯಾವ ಆಡಿಟರನೂ ಹೇಳುತ್ತಾನೆ. ಡಾ. ಅಲ್-ಎಕ್ರಿ ಮಾತ್ರ ಐದು ವರ್ಷದ ಶಿಕ್ಷೆ ಮುಗಿಸಿ ಹೊರಗೆ ಬಂದದ್ದು 2017ರ ಮಾರ್ಚಿನಲ್ಲಿ.

ನಡುವೆ, ರಾಜರೇ ಒಂದು ತನಿಖಾ ಆಯೋಗ ನೇಮಿಸಿದ್ದರು. ಕಾನೂನು ಪ್ರಾಧ್ಯಾಪಕ ಷೆರೀಫ್ ಬಸಿಯೂನಿ ಅದರ ಅಧ್ಯಕ್ಷರು, ಒಟ್ಟು ಐವರು ಸದಸ್ಯರು. 2011ರ ನವೆಂಬರ್ 23ರಂದು ರಾಜರ ಎದುರಿನಲ್ಲೇ ವರದಿ ಒಪ್ಪಿಸಿದರು. ನನಗೆ ಈ ವರದಿಯ ಮೇಲೆ ಗೌರವವಿದೆ, ಏಕೆಂದರೆ ಅದು ಯಾರಿಗೂ ಪೂರ್ತಿ ಸಂತೋಷ ಕೊಡಲಿಲ್ಲ. ಕೆಲವು ವೈದ್ಯರು ಚಿಕಿತ್ಸಕನ ಪಾತ್ರಕ್ಕೂ ಚಳವಳಿಗಾರನ ಪಾತ್ರಕ್ಕೂ ನಡುವೆ ಹೋಗಿಬಂದು ಮಾಡಿದರು, ಆಸ್ಪತ್ರೆಯ ಕೆಳ ಅಂತಸ್ತಿನ ಕೆಲವು ಭಾಗ ಅವರ ಹಿಡಿತಕ್ಕೆ ಹೋಗಿತ್ತು, ಇದರಿಂದ ಆಸ್ಪತ್ರೆಯ ಕೆಲಸಕ್ಕೆ ತೊಡಕಾಯಿತು ಎಂದು ಹೇಳಿತು. ಅದೇ ಕೈಯಲ್ಲಿ, ಭದ್ರತಾ ಪಡೆಗಳು ಆಸ್ಪತ್ರೆಯೊಳಗೆ ಕಾನೂನು ಮೀರಿ ಬಂಧಿಸಿದವು, ಸಿಬ್ಬಂದಿಗೂ ರೋಗಿಗಳಿಗೂ ಹೊಡೆದವು ಎಂದೂ ಬರೆಯಿತು. ಬಂಧನದಲ್ಲಿ ಚಿತ್ರಹಿಂಸೆ ನಡೆದದ್ದನ್ನೂ ಮುಚ್ಚಿಡಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ ಎರಡು ತಪ್ಪುಗಳು ಒಂದೇ ತೂಕದವಲ್ಲ. ವೈದ್ಯನಿಗೂ ಓಟಿದೆ, ಪಕ್ಷವಿರಬಹುದು, ಮೆರವಣಿಗೆಗೂ ಹೋಗಬಹುದು. ಆದರೆ ಕೋಟು ಕಳಚಿಟ್ಟು, ಗೇಟಿನ ಹೊರಗೆ ಹೋಗಿ. ಅಂಗಳದಲ್ಲಿ ಮೈಕು ಕಟ್ಟಲು ಬಿಟ್ಟದ್ದು ಶಿಸ್ತಿನ ವಿಷಯ. ಅದಕ್ಕೆ ನೋಟೀಸು ಕೊಡಿ, ವರ್ಗ ಮಾಡಿ, ವೈದ್ಯಕೀಯ ಮಂಡಳಿಯ ಮುಂದೆ ನಿಲ್ಲಿಸಿ. ಮೊನ್ನೆ ಹೊಲಿಗೆ ಹಾಕಿದ ಕೈಗೆ ಕೋಳ ಹಾಕಿದರೆ ಶಿಕ್ಷೆ ಅನುಭವಿಸುವವನು ಆ ವೈದ್ಯ ಒಬ್ಬನೇ ಅಲ್ಲ, ಮುಂದೆ ಆ ಬಾಗಿಲಿಗೆ ಬರಬೇಕಾದವರೆಲ್ಲ.

ಇದಕ್ಕೆ ರೆಡ್‌ಕ್ರಾಸ್ ಇದೆಯಲ್ಲ, ಜಿನೀವಾ ಒಪ್ಪಂದ ಇದೆಯಲ್ಲ ಎಂದು ತಿಳಿದವರು ಕೇಳಬಹುದು. ಇಲ್ಲಿದೆ ತೊಡಕು. 1859ರ ಜೂನ್ 24ರಂದು ಇಟಲಿಯ ಸೊಲ್ಫೆರಿನೋದಲ್ಲಿ ನಡೆದ ಭೀಕರ ಯುದ್ಧದ ಗಾಯಾಳುಗಳನ್ನು ಕಂಡು ಹೆನ್ರಿ ಡ್ಯೂನಾಂಟ್ ಎಂಬ ಸ್ವಿಸ್ ವ್ಯಾಪಾರಿ ಎತ್ತಿದ ಮಾತಿನಿಂದ ರೆಡ್‌ಕ್ರಾಸ್ ಹುಟ್ಟಿತು. 1864ರಲ್ಲಿ ಮೊದಲ ಜಿನೀವಾ ಒಪ್ಪಂದವಾಯಿತು. ಗಾಯಗೊಂಡ ಸೈನಿಕ ಯಾವ ದೇಶದವನೇ ಆಗಲಿ ಶುಶ್ರೂಷೆ ಸಿಗಬೇಕು, ಶುಶ್ರೂಷೆ ಮಾಡುವವರ ಮೇಲೆ ಗುಂಡು ಹಾರಿಸಬಾರದು. 1949ರಲ್ಲಿ ನಾಲ್ಕು ಒಪ್ಪಂದಗಳಾದವು. 1977ರಲ್ಲಿ ಸೇರಿಸಿದ ನಿಯಮಗಳಲ್ಲಂತೂ, ವೈದ್ಯಧರ್ಮಕ್ಕೆ ಸರಿಯಾಗಿ ಚಿಕಿತ್ಸೆ ಕೊಟ್ಟದ್ದಕ್ಕಾಗಿ, ಯಾರಿಗೇ ಕೊಟ್ಟಿರಲಿ, ವೈದ್ಯನನ್ನು ಶಿಕ್ಷಿಸಬಾರದು ಎಂದು ಬಾಯಿಬಿಟ್ಟೇ ಹೇಳಿದೆ. ಆದರೆ ಇದೆಲ್ಲ ಯುದ್ಧಕ್ಕೆ. ಬೀದಿಯ ಗಲಭೆ, ಲಾಠಿ, ಕಲ್ಲು, ಅಶ್ರುವಾಯು ಇವು ಯುದ್ಧವಲ್ಲವೆಂದು ಅದೇ 1977ರ ನಿಯಮಗಳು ಹೊರಗಿಟ್ಟಿವೆ. ಹಾಗಾಗಿ ಪರದೇಶದ ಶತ್ರು ಸೈನಿಕನಿಗೆ ಮದ್ದು ಹಚ್ಚಿದವನಿಗೆ ಇರುವ ರಕ್ಷಣೆ, ತನ್ನದೇ ಊರಿನ ಹುಡುಗನಿಗೆ ಮದ್ದು ಹಚ್ಚಿದವನಿಗೆ ಅಷ್ಟು ಸ್ಪಷ್ಟವಾಗಿಲ್ಲ. ಅವನಿಗೆ ಉಳಿಯುವುದು ಆ ದೇಶದ ಕಾನೂನು ಮತ್ತು ಪ್ರಪಂಚದ ವೈದ್ಯರ ಸಂಘ 1948ರಲ್ಲಿ ಬರೆದ ಪ್ರತಿಜ್ಞೆ: ರೋಗಿಯ ಜಾತಿ, ಧರ್ಮ, ದೇಶ, ಪಕ್ಷ ತನ್ನ ಕರ್ತವ್ಯಕ್ಕೆ ಅಡ್ಡ ಬರಬಾರದು ಎಂಬುದು. ಪ್ರತಿಜ್ಞೆಗೆ ಪೋಲೀಸು ಇಲ್ಲ.

ಪರದೇಶಿ ದಾದಿಯರ ಪಾಡು ಇನ್ನೊಂದು ಬಗೆ. ಅವರಿಗೆ ಅಲ್ಲಿ ಓಟೂ ಇಲ್ಲ, ಪಕ್ಷವೂ ಇಲ್ಲ, ಬಿಟ್ಟು ಬರಲು ಧೈರ್ಯವೂ ಇಲ್ಲ. 2014ರ ಜೂನಿನಲ್ಲಿ ಇರಾಕಿನ ಟಿಕ್ರಿತ್ ಊರಿನ ಆಸ್ಪತ್ರೆಯಲ್ಲಿ 46 ಮಂದಿ ಭಾರತೀಯ ದಾದಿಯರು ಸಿಕ್ಕಿಬಿದ್ದರು, ಬಹುತೇಕ ಎಲ್ಲರೂ ಕೇರಳದವರು. ಊರು ಉಗ್ರರ ಕೈಗೆ ಹೋಗಿತ್ತು. ಅವರನ್ನು ಬಸ್ಸಿನಲ್ಲಿ ಮೊಸುಲ್‌ಗೆ ಕರೆದೊಯ್ದು, ಕೊನೆಗೆ ಬಿಟ್ಟರು. ಜುಲೈ 5ರಂದು ವಿಮಾನ ಕೊಚ್ಚಿಗೆ ಬಂತು. ಮೊದಲೇ ಏಕೆ ಹೊರಡಲಿಲ್ಲ ಎಂದು ಟಿ.ವಿ. ಮುಂದೆ ಕೂತು ಕೇಳಿದವರು ಬಹಳ ಮಂದಿ. ಸಂಬಳ ಬಾಕಿಯಿತ್ತು. ಊರಿನಲ್ಲಿ ನರ್ಸಿಂಗ್ ಓದಿಗೆ ತೆಗೆದ ಸಾಲವಿತ್ತು, ಏಜೆಂಟನಿಗೆ ಕೊಟ್ಟ ದುಡ್ಡಿನ ಸಾಲವಿತ್ತು. ಬ್ಯಾಂಕಿನ ಸಾಲದ ಕಂತು ಯಾವ ಯುದ್ಧಕ್ಕೂ ನಿಲ್ಲುವುದಿಲ್ಲ, ಬಡ್ಡಿ ತಿಂಗಳಿಗೊಮ್ಮೆ ಏರುತ್ತಲೇ ಇರುತ್ತದೆ. ಹೊರದೇಶಕ್ಕೆ ಮಗಳನ್ನು ಕಳುಹಿಸುವ ಮನೆಯವರು ತಿಳಿದುಕೊಳ್ಳಬೇಕಾದ ಒಂದು ವಿಷಯವಿದೆ: ಅಲ್ಲಿ ಹೋದ ಕೂಡಲೇ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಲಿ, ಪಾಸ್‌ಪೋರ್ಟಿನ ಒಂದು ಪ್ರತಿ ಮನೆಯಲ್ಲಿರಲಿ.

ಇನ್ನು ನಮ್ಮ ಊರಿನ ಮಾತು. ನಮ್ಮ ದೇಶದಲ್ಲಿ 1989ರವರೆಗೂ ಒಂದು ಕೆಟ್ಟ ವಾಡಿಕೆಯಿತ್ತು. ಅಪಘಾತದವನನ್ನೋ ಹೊಡೆದಾಟದವನನ್ನೋ ತಂದರೆ, ಇದು ಪೋಲೀಸ್ ಕೇಸು, ನಮ್ಮಲ್ಲಾಗದು, ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದು ಬಾಗಿಲಲ್ಲೇ ಹೇಳಿ ಕಳುಹಿಸುವುದು. ಸ್ಕೂಟರಿನಿಂದ ಬಿದ್ದ ಒಬ್ಬನನ್ನು ಹಾಗೆ 20 ಕಿಲೋಮೀಟರ್ ದೂರದ ಆಸ್ಪತ್ರೆಗೆ ಒಯ್ಯಲು ಹೇಳಿ, ಅವನು ದಾರಿಯಲ್ಲೇ ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂತು. ಪರಮಾನಂದ ಕಟಾರ ಎಂಬವರು ಆ ಸುದ್ದಿ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. 1989ರ ಆಗಸ್ಟ್ 28ರ ತೀರ್ಪು ಹೇಳಿದ್ದು ಸ್ಪಷ್ಟ: ಗಾಯಗೊಂಡವನು ನಿರಪರಾಧಿಯೇ ಇರಲಿ, ಅಪರಾಧಿಯೇ ಇರಲಿ, ಮೊದಲು ಜೀವ ಉಳಿಸಬೇಕು, ಪೋಲೀಸಿನ ಕಾಗದ ಪತ್ರ ಆಮೇಲೆ. ಸರಕಾರಿ ಆಸ್ಪತ್ರೆಗೂ ಇದೇ, ಖಾಸಗಿ ವೈದ್ಯರಿಗೂ ಇದೇ.

ಮೆರವಣಿಗೆಯಲ್ಲೋ, ಲಾಠಿ ಪ್ರಹಾರದಲ್ಲೋ, ದಾರಿಯಲ್ಲಿ ಹೋಗುವಾಗ ಯಾರದೋ ಕಲ್ಲಿಗೋ ಪೆಟ್ಟಾದರೆ ಹತ್ತಿರದ ಕ್ಯಾಶುವಾಲಿಟಿಗೆ ಹೋಗಲು ಹೆದರಬೇಡಿ. ವೈದ್ಯರು ಎಂ.ಎಲ್.ಸಿ. ಬರೆಯುತ್ತಾರೆ, ಪೋಲೀಸ್ ಠಾಣೆಗೆ ತಿಳಿಸುತ್ತಾರೆ. ಅದು ಅವರ ಕೆಲಸ, ನಿಮ್ಮ ಮೇಲೆ ದೂರು ಕೊಟ್ಟಂತಲ್ಲ. ಗಾಯ ಹೇಗಾಯಿತೆಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮರದಿಂದ ಬಿದ್ದೆ ಎಂದು ಬರೆಸಿದರೆ ನಾಳೆ ನಿಮಗೇ ತೊಂದರೆ. ಪೋಲೀಸರು ಹೇಳಿಕೆ ಪಡೆಯಲು ಬಂದರೆ, ರೋಗಿ ಮಾತನಾಡುವ ಸ್ಥಿತಿಯಲ್ಲಿದ್ದಾನೆಯೇ ಎಂದು ವೈದ್ಯರನ್ನು ಕೇಳಿಯೇ ಪಡೆಯುವುದು ಕ್ರಮ. ಮಲಯಾಳ ಬರೆದ ಚೀಟಿ ಓದಲು ಬಾರದಿದ್ದರೆ ಸಹಿ ಹಾಕುವ ಮೊದಲು ಯಾರಿಂದಾದರೂ ಓದಿಸಿ ಕೇಳಿ. ಇದನ್ನು ಕೇಳಲು ಸಂಕೋಚ ಬೇಡ. ಓ.ಪಿ. ಚೀಟಿ, ಎಕ್ಸ್‌ರೇ, ಬಿಡುಗಡೆಯ ಕಾಗದ ಮೂರನ್ನೂ ಒಂದು ಲಕೋಟೆಯಲ್ಲಿ ಹಾಕಿ ರೇಷನ್ ಕಾರ್ಡಿನ ಜೊತೆ ಇಡಿ.